ಮಾತು ಬರುವ ಮುಂಚೆ ಕೈಸನ್ನೆ

ಆರೇಳು ತಿಂಗಳ ಮಗುವಿಗೆ ಸನ್ನೆ ಕಲಿಸುವವರು ಎರಡರಿಂದ ಶುರು ಮಾಡಿ: 'ಇನ್ನೂ ಬೇಕು', 'ಸಾಕು'. ಊಟದ ಹೊತ್ತೇ ಒಳ್ಳೆಯದು. ರಾಗಿ ಸರಿ ತಿನ್ನಿಸುವಾಗ ಮಗು ನಿಮ್ಮ ಮುಖ ನೋಡಿದ ಕೂಡಲೇ ಸನ್ನೆ ಮಾಡಿ, ಬಾಯಲ್ಲೂ ಹೇಳಿ. ಬಾಯಲ್ಲಿ ಹೇಳುವುದನ್ನು ಮಾತ್ರ ಬಿಡಲೇಬೇಡಿ. ಮನೆಯಲ್ಲಿ ಅಜ್ಜಿ, ತಾತ ಎಲ್ಲರೂ ಅದೇ ಸನ್ನೆ ಮಾಡಲಿ. ತಿರುಗಿ ಮಾಡಲು ಕೆಲವು ಮಕ್ಕಳಿಗೆ ತಿಂಗಳುಗಳೇ ಬೇಕು. ಸುಮ್ನೆ ಕೈ ಹಿಡಿದು ಒತ್ತಾಯ ಮಾಡಬೇಡಿ. ಅರ್ಧಂಬರ್ಧ ಮಾಡಿದರೂ ತಕ್ಷಣ ಕೊಡಿ, ಆಗಲೇ ಅದಕ್ಕೆ ಸನ್ನೆಯ ಉಪಯೋಗ ಗೊತ್ತಾಗುವುದು. ಟಾಟಾ ಮಾಡಲು ಕಲಿಯುವುದೂ ಹೀಗೇ ಅಲ್ವಾ?

ಸದ್ದಾದರೂ ಮಗು ತಿರುಗಿ ನೋಡುತ್ತಿಲ್ಲ ಅನಿಸಿದರೆ ದಯವಿಟ್ಟು ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪುಟ್ಟ ಮಕ್ಕಳಿಗೂ ಮಾಡುತ್ತಾರೆ. ಕಿವಿ ಕೇಳದ ಮಗುವಿಗೆ ಎರಡು ಸನ್ನೆ ಸಾಲದು, ಪೂರ್ತಿ ಭಾಷೆಯೇ ಬೇಕು.