ತಲೆಯಲ್ಲೇ ಯೋಚಿಸುವುದನ್ನು ಬಿಟ್ಟ ಮೇಲೆ

ದೊಡ್ಡ ನಿರ್ಧಾರ ಎದುರಾದರೆ ನಾನೀಗ ಪೆನ್ನು ಹಿಡಿದು ಕೂರುತ್ತೇನೆ. ತಲೆಯನ್ನು ನೆಚ್ಚಿಕೊಳ್ಳುವುದಿಲ್ಲ. ಅದು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ತೀರಾ ಕಡಿಮೆ. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಸುಮಾರು 7 ವಿಷಯ ಅಂದಿದ್ದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಅದನ್ನು 4ರ ಆಸುಪಾಸಿಗೆ ಇಳಿಸಿದರು. ಕೆಲಸ ಬಿಡಬೇಕಾ ಬೇಡ್ವಾ ಅನ್ನುವುದಕ್ಕೆ ನಾಲ್ಕೇ ಎಳೆ ಇರುತ್ತವಾ? ಸಂಬಳ, ಸಾಲ, ಮನೆಯವರು, ಆರೋಗ್ಯ ಅಂತ ಎಣಿಸುತ್ತಾ ಐದನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಮತ್ತೆ ಅಲ್ಲಿಂದಲೇ ಶುರು. ಈ ಗಿರಕಿಯನ್ನೇ ಯೋಚನೆ ಅಂದುಕೊಂಡು ಸುಸ್ತಾಗುತ್ತೇವೆ.

ಮೊದಲ ಸಾಲು ಪ್ರಶ್ನೆಯೇ ಆಗಿರಬೇಕು. ‘ಆಫೀಸಿನ ಕಿರಿಕಿರಿ’ ಅಂತ ಬರೆದರೆ ಸುಮ್ನೆ ಗೋಳು ಹರಿಯುತ್ತದೆ. ‘ತಂಡ ಬದಲಾದರೆ ಇಲ್ಲೇ ಇರುತ್ತೇನಾ?’ ಅಂತ ಬರೆದರೆ ಉತ್ತರ ಕೊಡಲೇಬೇಕು.

ಆಮೇಲೆ ಕಷ್ಟದ ಭಾಗ. ನನಗೆ ಇಷ್ಟವಾದ ಉತ್ತರದ ಕೆಳಗೆ, ಏನು ಕಂಡರೆ ಇದು ತಪ್ಪು ಅಂತ ಒಪ್ಪುತ್ತೇನೆ ಎಂದು ಬರೆಯುತ್ತೇನೆ. ಇದರ ಹಿಂದೆ 1960ರ ಒಂದು ಪ್ರಯೋಗವಿದೆ. ಮನೋವಿಜ್ಞಾನಿ ಪೀಟರ್ ವೇಸನ್ ಜನರಿಗೆ 2, 4, 6 ಅಂತ ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ ಅಂದರು. ನೀವೇ ಮೂರು ಸಂಖ್ಯೆ ಹೇಳಬಹುದು, ನಿಯಮಕ್ಕೆ ಹೊಂದುತ್ತದಾ ಇಲ್ವಾ ಅಂತ ಅವರು ಹೇಳುತ್ತಾರೆ. ‘ಎರಡೆರಡು ಕೂಡುತ್ತಾ ಹೋಗುವುದು’ ಅಂದುಕೊಂಡವರು 8, 10, 12 ಅಂದರು. ಹೊಂದುತ್ತದೆ ಅನ್ನುವ ಉತ್ತರ ಬಂತು. ಅಲ್ಲಿಗೆ ನಂಬಿಕೆ ಗಟ್ಟಿಯಾಯಿತು. ನಿಜವಾದ ನಿಯಮ ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ, ಅಷ್ಟೇ. 1, 7, 50 ಅಂತ ಕೇಳಿದ್ದರೂ ತಮ್ಮ ಊಹೆ ತಪ್ಪು ಅಂತ ತಿಳಿಯುತ್ತಿತ್ತು. ಆದರೆ ನಾವು ಹೌದು ಅನ್ನಿಸಿಕೊಳ್ಳುವ ಪ್ರಶ್ನೆಗಳನ್ನೇ ಕೇಳುತ್ತೇವೆ, ಅಲ್ವಾ? ಚಾರ್ಲ್ಸ್ ಡಾರ್ವಿನ್‌ಗೂ ಇದರ ಅರಿವಿತ್ತು. ತಮ್ಮ ವಾದಕ್ಕೆ ವಿರುದ್ಧವಾದದ್ದು ಬೇಗ ಮರೆತುಹೋಗುತ್ತದೆ ಅಂತ ಅದನ್ನು ಕೂಡಲೇ ಬರೆದಿಡುತ್ತಿದ್ದರು.

ಬರೆದ ಮೇಲೆ ಅದೇ ದಿನ ತೀರ್ಮಾನಿಸುವುದಿಲ್ಲ. ಒಂದು ರಾತ್ರಿ ಕಳೆಯಲಿ, ಸಾಕು. ಯಾವ ಅಂಗಿ ಹಾಕಲಿ ಅನ್ನುವುದಕ್ಕೆಲ್ಲ ಇಷ್ಟು ರಗಳೆ ಬೇಡ ಬಿಡಿ.

ಪುಟದ ಕೊನೆಯಲ್ಲಿ ತಾರೀಕು ಹಾಕಿ, ಮುಂದೆ ಏನಾಗಬಹುದು ಅನ್ನುವ ಅಂದಾಜನ್ನೂ ಬರೆದಿಡುತ್ತೇನೆ. ಇಲ್ಲದಿದ್ದರೆ ಫಲಿತಾಂಶ ಬಂದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಅಂತ ಮನಸ್ಸು ಕಥೆ ಕಟ್ಟುತ್ತದೆ. ಹಳೆಯ ಪುಟಗಳನ್ನು ನೋಡಿದರೆ, ಜನರ ಬಗ್ಗೆ ನನ್ನ ಅಂದಾಜು ಹೆಚ್ಚುಕಡಿಮೆ ಸರಿಯಿದೆ. ಕೆಲಸಕ್ಕೆ ಹಿಡಿಯುವ ಸಮಯದ ಅಂದಾಜು ಮಾತ್ರ ಸದಾ ಕಡಿಮೆ. ಈಗ ಅದಕ್ಕೆ ಅರ್ಧದಷ್ಟು ಜಾಸ್ತಿ ಸೇರಿಸಿಯೇ ಬರೆಯುತ್ತೇನೆ.