ಸಂಘದ ಪುಸ್ತಕ ಓದುತ್ತಾ ಗ್ರಾಮಾಭಿವೃದ್ಧಿ ಕಲಿತದ್ದು

ನಾನು ಓದಿದ್ದು ಬಿ.ಕಾಂ. ಗ್ರಾಮಾಭಿವೃದ್ಧಿಯ ಬಗ್ಗೆ ಯಾವ ತರಗತಿಯಲ್ಲೂ ಕೂತವನಲ್ಲ. ಮೈಸೂರು, ಮಂಡ್ಯ ಜಿಲ್ಲೆಗಳ ಸ್ವಯಂಸೇವಾ ಸಂಸ್ಥೆಗಳಿಗೆ ಹೋಗಿ, ಅವರ ಕಾರ್ಯಕರ್ತರ ಜೊತೆ ಊರು ಸುತ್ತಿ, ಹೆಂಗಸರ ಸ್ವಸಹಾಯ ಸಂಘಗಳ ಪುಸ್ತಕಗಳನ್ನು ಓದಿ ಕಲಿತೆ. ಅದೇ ದಾರಿಯಲ್ಲಿ ಹೊರಟವರು ಕೆಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಲಿಯೋಕೆ ನಮ್ಮ ಸೀಮೆಗಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ 1960ರಿಂದ ಇದೆ. ಜಯಪ್ರಕಾಶ ನಾರಾಯಣರ ಜೊತೆ ಕೆಲಸ ಮಾಡಿದ್ದ ಸುರೇಂದ್ರ ಕೌಲಗಿಯವರು ಕಟ್ಟಿದ್ದು. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಶುರುವಾದದ್ದು 1968ರಲ್ಲಿ, ಟಿಬೆಟ್‌ನಿಂದ ಬಂದವರಿಗೆ ನೆಲೆ ಒದಗಿಸಲು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಹುಡುಗರು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ, ಅಂದರೆ ಆದಿವಾಸಿಗಳ ಊರುಗಳಿಗೆ, ಹೋದರು. ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಮೈಸೂರಿನಲ್ಲೇ ಇದೆ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿಯ ಹೆಸರು ಅದು. ಇಷ್ಟೆಲ್ಲ ಒಂದು ಬಸ್ ಪ್ರಯಾಣದ ದೂರದಲ್ಲಿದೆ.

ಸಂಸ್ಥೆಗೆ ಹೋದರೆ ಮೊದಲು ಕೂರಿಸಿ ಕಾಫಿ ಕೊಡುತ್ತಾರೆ, ಪರದೆ ಮೇಲೆ ಫೋಟೊ ತೋರಿಸುತ್ತಾರೆ, ವಾರ್ಷಿಕ ವರದಿ ಕೈಗಿಡುತ್ತಾರೆ. ಅದನ್ನು ಗೌರವದಿಂದ ನೋಡಬೇಕು. ವರದಿಯಲ್ಲಿ ನಾನು ತಪ್ಪದೆ ಓದುವುದು ಕೊನೆಯ ಪುಟಗಳ ಲೆಕ್ಕ. ದುಡ್ಡು ಎಲ್ಲಿಂದ ಬಂತು, ಎಷ್ಟು ವರ್ಷಕ್ಕೆ ಬಂತು ಅನ್ನುವುದು ಗೊತ್ತಾದರೆ ಅರ್ಧ ವಿಷಯ ಗೊತ್ತಾದಂತೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ದುಡ್ಡು ಎಷ್ಟೋ ಸಂಸ್ಥೆಗಳನ್ನು ಉಳಿಸಿದೆ, ನಿಜ. ಆದರೆ ಮಾರ್ಚ್ ಬಂತೆಂದರೆ ಕಾರ್ಯಕರ್ತರ ಮುಖ ನೋಡಿ. ಯೋಜನೆ ಮುಂದುವರಿಯುತ್ತೋ ಇಲ್ಲವೋ, ಸಂಬಳ ಇರುತ್ತೋ ಇಲ್ಲವೋ ಅನ್ನುವ ಚಿಂತೆ. ಹತ್ತು ವರ್ಷ ಬೇಕಾದ ಕೆಲಸಕ್ಕೆ ಮೂರು ವರ್ಷದ ದುಡ್ಡು ಕೊಟ್ಟರೆ ಊರಿನವರಿಗೆ ನಂಬಿಕೆ ಹುಟ್ಟುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಕಚೇರಿಯ ಮಾತು ಮುಗಿದ ಮೇಲೆ ನಾನು ಕೇಳುವುದು ಒಂದೇ: "ಇವತ್ತು ಯಾರು ಫೀಲ್ಡಿಗೆ ಹೋಗ್ತಿದ್ದಾರೆ, ಅವರ ಜೊತೆ ಹೋಗಬಹುದಾ?"

ಸರಗೂರಿನ ಕಡೆ ಹೀಗೆ ಒಬ್ಬ ಕಾರ್ಯಕರ್ತರ ಬೈಕ್ ಹಿಂದೆ ಕೂತು ಜೇನುಕುರುಬರ ಹಾಡಿಗೆ ಹೋದೆ. ಸಣ್ಣ ಸಂಸ್ಥೆ ಅವರದು. ಹೊರಡುವ ಮೊದಲು ಅವರು ಫೋನ್ ಮಾಡಿ ಕೇಳಿದ್ದು "ಜೀಪ್ ಹೋಯ್ತಾ?" ಅಂತ. ಕಾಫಿ ಕೊಯ್ಲಿನ ಕಾಲ. ಕೊಡಗಿನ ತೋಟಗಳ ಜೀಪ್ ಬೆಳಿಗ್ಗೆಯೇ ಬಂದು ಜನರನ್ನು ಕರೆದುಕೊಂಡು ಹೋಗಿಬಿಟ್ಟರೆ ಹಾಡಿಯಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಕೆಲವು ಮನೆಯವರು ಮಕ್ಕಳನ್ನೂ ಕರೆದುಕೊಂಡು ಹೋಗಿ ಅಲ್ಲೇ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಉಳಿಯುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಡಿಸೆಂಬರ್, ಜನವರಿಯ ಪುಟಗಳು ಯಾಕೆ ಖಾಲಿ ಖಾಲಿ ಇರುತ್ತವೆ ಅನ್ನುವುದು ನನಗೆ ಅರ್ಥವಾದದ್ದು ಆ ಒಂದು ಫೋನ್ ಮಾತಿನಿಂದ.

ಅವರ ಬ್ಯಾಗಿನಲ್ಲಿ ಏನಿದೆ ಅಂತ ಕೇಳಿದೆ. ನಗುತ್ತಾ ತೆಗೆದು ತೋರಿಸಿದರು. ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಜೆರಾಕ್ಸ್‌ಗಳು, ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊಗಳು, ಹೆಬ್ಬೆಟ್ಟು ಒತ್ತಿಸಲು ಇಂಕ್ ಪ್ಯಾಡ್, ಜಾತಿ ಪ್ರಮಾಣಪತ್ರದ ಅರ್ಜಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ನಮೂನೆ. ಬಂಡೀಪುರ, ನಾಗರಹೊಳೆ ಕಾಡುಗಳಿಂದ, ಕಬಿನಿ ಹಿನ್ನೀರಿನಿಂದ ಒಕ್ಕಲೆದ್ದು ಬಂದ ಜನ ಇವರು. ಕಾಡಿನೊಳಗೆ ಹುಟ್ಟಿದವರಿಗೆ ಹುಟ್ಟಿದ ದಾಖಲೆ ಎಲ್ಲಿಂದ ತರುವುದು? ಆದರೆ ಪಡಿತರಕ್ಕೂ ಜಮೀನಿಗೂ ಕಾಗದ ಬೇಕೇ ಬೇಕು. ಆ ಕಾರ್ಯಕರ್ತರ ದಿನದ ಹೆಚ್ಚಿನ ಪಾಲು ಹೋಗುವುದು ಕಾಗದ ಹೊಂದಿಸುವುದರಲ್ಲಿ. ವರದಿಯಲ್ಲಿ ಇದು 'ಜಾಗೃತಿ ಕಾರ್ಯಕ್ರಮ' ಅನ್ನುವ ಒಂದು ಸಾಲು, ಅಷ್ಟೇ. ಅಂದಿನಿಂದ ಯಾವ ಸಂಸ್ಥೆಗೆ ಹೋದರೂ ಕಾರ್ಯಕರ್ತರ ಬ್ಯಾಗ್ ನೋಡುತ್ತೇನೆ. ಅವರ ನಿಜವಾದ ಕೆಲಸ ಅದರಲ್ಲಿ ಕಾಣುತ್ತದೆ.

ಸಂಘಗಳ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ಕಲಿತದ್ದು ಅಲ್ಲೇ.

ಇವತ್ತು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ ಬೇರು ಹುಡುಕಿದರೆ ಮೈರಾಡದ ಕೆಲಸ ಸಿಗುತ್ತದೆ. 1980ರ ದಶಕದ ನಡುವೆ ಅವರು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಸಾಲ ಪಡೆದಿದ್ದ ಕೆಲವರು ಸಹಕಾರ ಸಂಘವನ್ನು ನಂಬದೆ, ಒಬ್ಬರನ್ನೊಬ್ಬರು ನಂಬುವವರು ಮಾತ್ರ ಸೇರಿ ಸಣ್ಣ ಸಣ್ಣ ಗುಂಪು ಮಾಡಿಕೊಂಡರು. ಮೈರಾಡ ಆ ಗುಂಪುಗಳ ಬೆನ್ನಿಗೆ ನಿಂತಿತು. 1987ರಲ್ಲಿ ಕೃಷಿ, ಗ್ರಾಮಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಜನ ತಾವೇ ಮಾಡಿಕೊಂಡದ್ದನ್ನು ಗುರುತಿಸುವುದಕ್ಕೂ ಒಂದು ಕಣ್ಣು ಬೇಕು, ಅಲ್ವಾ?

ಮಂಡ್ಯದ ಹತ್ತಿರ ನಾಲೆ ಬಯಲಿನ ಒಂದು ಊರಿನಲ್ಲಿ ಇಂಥ ಸಂಘದ ಸಭೆಗೆ ಹೋಗುತ್ತಿದ್ದೆ. ಅವರನ್ನು ಕಟ್ಟಿದ ಸಂಸ್ಥೆ ಆ ಊರು ಬಿಟ್ಟು ಬಹಳ ಕಾಲವಾಗಿದೆ, ಸಂಘ ನಡೆಯುತ್ತಲೇ ಇದೆ. ರಾತ್ರಿ ಅಡುಗೆ ಇಳಿಸಿ ಹೆಂಗಸರು ಜಗಲಿಗೆ ಬರುತ್ತಾರೆ. ಚಾಪೆ, ಬಟ್ಟೆ ಚೀಲದಲ್ಲಿ ಪುಸ್ತಕಗಳು. ಹಾಜರಿ, ಉಳಿತಾಯ, ಸಾಲದ ಕಂತು, ಆಮೇಲೆ ಹೊಸ ಸಾಲ ಯಾರಿಗೆ ಅನ್ನುವ ಮಾತು.

ಹಳೆಯ ನಡಾವಳಿ ಪುಸ್ತಕ ಓದಲು ಕೇಳಿದಾಗ ಸಂತೋಷದಿಂದ ಕೊಟ್ಟರು. ಮೊದಲ ವರ್ಷಗಳ ಸಾಲದ ಕಾರಣ ಹೀಗಿದ್ದವು: ಅಕ್ಕಿ ತರಲು, ಮಗುವಿಗೆ ಜ್ವರ, ಗಿರವಿ ಇಟ್ಟ ಓಲೆ ಬಿಡಿಸಲು. ಆಮೇಲಿನ ಪುಟಗಳಲ್ಲಿ ಹಸು, ಹೊಲಿಗೆ ಯಂತ್ರ, ಮಗಳ ನರ್ಸಿಂಗ್ ಫೀಜು. ಒಂದು ಊರಿನ ಹೆಂಗಸರ ಬದುಕು ಹೇಗೆ ಬದಲಾಯಿತು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಅಂಕಿಅಂಶವೂ ನನಗೆ ಹೇಳಿಲ್ಲ.

ಆದರೆ ಹಸುವಿನ ಸಾಲ ಊರಿನ ಹಸುಗಳಿಗಿಂತ ಜಾಸ್ತಿ ಕಂಡಿತು. ಕೇಳಿದೆ. ಹಿರಿಯರೊಬ್ಬರು ಮುಚ್ಚುಮರೆ ಇಲ್ಲದೆ ಹೇಳಿದರು: "ಬ್ಯಾಂಕಿನ ಸಾಲ ಅಲ್ವೇನಪ್ಪ, ಹಸ ಅಂತ ಬರದ್ರೆ ಬೇಗ ಆಯ್ತದೆ. ಮದ್ವೆ ಸಾಲ ತೀರಿಸ್ಬೇಕು ಅಂದ್ರೆ ಯಾರ್ ಕೊಡ್ತಾರೆ?" ಸಂಘದ ಸ್ವಂತ ಉಳಿತಾಯದಿಂದ ಕೊಟ್ಟ ಸಾಲದ ಪುಸ್ತಕದಲ್ಲಿ ಮಾತ್ರ ನಿಜವಾದ ಕಾರಣ ಇರುತ್ತದೆ, ಯಾಕೆಂದರೆ ಅಲ್ಲಿ ಯಾರಿಗೂ ಏನೂ ತೋರಿಸಬೇಕಿಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಓದಿ. ಬ್ಯಾಂಕಿನ ದುಡ್ಡು ಎಷ್ಟೋ ಸಲ ಹೋಗುವುದು ಹೆಚ್ಚು ಬಡ್ಡಿಯ ಹಳೇ ಸಾಲ ತೀರಿಸಲು. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಬಡ್ಡಿ ಇಳಿಯುವುದೂ ಅಭಿವೃದ್ಧಿಯೇ.

ಮನೆ ಬಾಗಿಲಿಗೆ ಬಂದು ವಾರವಾರ ಕಂತು ಕೇಳುವ ಖಾಸಗಿ ಫೈನಾನ್ಸುಗಳ ಕಾಟ ಆ ಜಗಲಿಯಲ್ಲೂ ಮಾತಿಗೆ ಬರುತ್ತಿತ್ತು. ವಸೂಲಿಯ ಹಿಂಸೆ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಿಮಗೂ ಗೊತ್ತು. ಸಂಘದಲ್ಲಿ ಬಡ್ಡಿ ಕಟ್ಟಿದರೆ ಅದು ಸಂಘದಲ್ಲೇ ಉಳಿಯುತ್ತದೆ. ಕಂತು ತಪ್ಪಿದರೆ ಯಾಕೆ ತಪ್ಪಿತು ಅಂತ ಗೊತ್ತಿರುವವರೇ ಸುತ್ತ ಕೂತಿರುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ನಾಟಿ, ಕೊಯ್ಲು, ಕಬ್ಬು ಕಡಿಯುವ ಹೊತ್ತಿನಲ್ಲಿ ಹಗಲು ಹೋಗಿ ಜನರ ಕೂಲಿ ಕೆಡಿಸಬೇಡಿ. ಪ್ರಶ್ನೆಗಳ ಪಟ್ಟಿ ಬೇಡ, ಸುಮ್ನೆ ಕೂತು ಒಂದು ಸಭೆ ಪೂರ್ತಿ ನೋಡಿ. ಪುಸ್ತಕದ ಫೋಟೊ ತೆಗೆಯುವ ಮೊದಲು ಸಂಘದ ಎಲ್ಲರನ್ನೂ ಕೇಳಿ, ಅದರಲ್ಲಿರುವುದು ಅವರವರ ಮನೆಯ ಕಷ್ಟ. ನೋಟ್‌ಬುಕ್ಕಿನಲ್ಲಿ ಸಂಸ್ಥೆ ಹೇಳಿದ್ದು, ಊರಿನವರು ಹೇಳಿದ್ದು, ನಾನು ಕಂಡದ್ದು ಅಂತ ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಗ್ರಾಮ ಪಂಚಾಯ್ತಿಗೂ ಹೋಗುತ್ತೇನೆ. ಸಂಸ್ಥೆ ನೋಡಿ ಪಂಚಾಯ್ತಿ ಬಿಟ್ಟು ಬರುವವರೇ ಜಾಸ್ತಿ. ರಸ್ತೆ, ನೀರು, ಉದ್ಯೋಗದ ದುಡ್ಡು ಬರುವುದು ಅಲ್ಲಿಂದ.

ಬರೆದದ್ದನ್ನು ಸಂಘಕ್ಕೆ ಓದಿ ಹೇಳುವುದು ನನ್ನ ಕೊನೆಯ ಕೆಲಸ. ಮಂಡ್ಯದ ಹತ್ತಿರದ ಆ ಊರಿಗೆ ಕುಡಿಯುವ ನೀರಿನ ಕೊಳಾಯಿ ತಮ್ಮ ಪ್ರಯತ್ನದಿಂದ ಬಂತು ಅಂತ ಸಂಸ್ಥೆಯ ವರದಿ ಹೇಳುತ್ತಿತ್ತು. ಆ ಸಾಲು ಓದಿದಾಗ ಹೆಂಗಸರು ತಡೆದರು. "ಸಂಸ್ಥೆಯೋರು ಅರ್ಜಿ ಬರೆಯೋದು ಹೇಳ್ಕೊಟ್ರು. ಗ್ರಾಮಸಭೇಲಿ ಎದ್ದು ಕೇಳಿದ್ದು ನಾವು." ಪಂಚಾಯ್ತಿಯ ಗ್ರಾಮಸಭೆ ಪುಸ್ತಕ ತೆಗೆಸಿದೆ. ಬೇಡಿಕೆ ಅಲ್ಲಿತ್ತು, ಕೆಳಗೆ ಸಂಘದವರ ಸಹಿಗಳಿದ್ದವು. ವರದಿಯ ಮಾತು, ಅವರ ಮಾತು, ಪುಸ್ತಕದ ಸಾಲು ಮೂರನ್ನೂ ಬರೆದು ಒಂದು ಪ್ರತಿ ಸಂಘಕ್ಕೆ, ಒಂದು ಪ್ರತಿ ಸಂಸ್ಥೆಗೆ ಕೊಟ್ಟು ಬಂದೆ.