ಐದು ಸಾವಿರ ನಿಯಮಗಳಲ್ಲಿ ಮೊದಲು ಓದುವುದು ಯಾವುದನ್ನ?

‘ಇದನ್ನು ಕೊಂಡವರು ಅದನ್ನೂ ಕೊಳ್ಳುತ್ತಾರೆ’ ಅನ್ನುವಂಥ ನಿಯಮಗಳನ್ನು ಬಿಲ್ಲುಗಳಿಂದ ಹುಡುಕಲು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರೂಲ್ಸ್ ಪ್ಯಾಕೇಜ್ ಇದೆ, ಅದರ ಜೊತೆಗೇ ಗ್ರೋಸರೀಸ್ ಅನ್ನುವ ಡೇಟಾ ಬರುತ್ತದೆ. ಒಂದು ದಿನಸಿ ಅಂಗಡಿಯ 30 ದಿನಗಳ 9,835 ಬಿಲ್ಲುಗಳು, 169 ಬಗೆಯ ಸಾಮಾನು. ಕನಿಷ್ಠ ಸಪೋರ್ಟ್ (ಒಟ್ಟು ಬಿಲ್ಲುಗಳಲ್ಲಿ ನಿಯಮದ ಸಾಮಾನುಗಳೆಲ್ಲ ಒಟ್ಟಿಗಿರುವ ಬಿಲ್ಲುಗಳ ಪಾಲು) 0.001, ಕನಿಷ್ಠ ಕಾನ್ಫಿಡೆನ್ಸ್ (ಇದನ್ನು ಕೊಂಡವರಲ್ಲಿ ಅದನ್ನೂ ಕೊಂಡವರ ಪಾಲು) 0.5 ಕೊಟ್ಟು, ನಿಯಮ ಹುಡುಕುವ ಏಪ್ರಿಯೊರಿ ಅಲ್ಗಾರಿದಮ್ ಓಡಿಸಿದರೆ 5,668 ನಿಯಮಗಳು ಬಂದು ಬೀಳುತ್ತವೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಅವನ್ನು ಸಾಲು ಹಚ್ಚುವುದು ನನ್ನ ಪಾಲಿಗೆ.

ಮೊದಲು ಕಾನ್ಫಿಡೆನ್ಸ್ ಪ್ರಕಾರ ಜೋಡಿಸಿದೆ. ಅಕ್ಕಿ, ಸಕ್ಕರೆ ಒಟ್ಟಿಗೆ ಕೊಂಡವರೆಲ್ಲ ಹಾಲೂ ಕೊಂಡಿದ್ದಾರೆ, ನೂರಕ್ಕೆ ನೂರು! ಅಂಥವರು ಇದ್ದದ್ದೇ 12 ಮಂದಿ. ಮೇಲಿನ ಸಾಲುಗಳ ಬಲಗಡೆ, ಅಂದರೆ ‘ಅದನ್ನೂ’ ಅನ್ನುವ ಕಡೆ, ನೋಡಿದರೆ ಬಹುಪಾಲು ಹಾಲು, ಇಲ್ಲವೇ ತರಕಾರಿ. ಹಾಲು ಹೇಗೂ 2,513 ಬಿಲ್ಲುಗಳಲ್ಲಿದೆ, ಯಾವ ನಿಯಮಕ್ಕೆ ಅಂಟಿಸಿದರೂ ಅಂಕ ಏರುತ್ತದೆ.

ಲಿಫ್ಟ್ ಹಿಡಿದರೆ, ಅಂದರೆ ಕಾಕತಾಳೀಯವಾಗಿ ಬರಬೇಕಿದ್ದುದರ ಎಷ್ಟು ಪಟ್ಟು ಒಟ್ಟಿಗೆ ಬಂತು ಎಂದು ನೋಡಿದರೆ, ಈ ಕಾಟವಿಲ್ಲ. ಆದರೆ ಅದು ಪುಟ್ಟ ಲೆಕ್ಕಗಳನ್ನು ತಲೆ ಮೇಲೆ ಹೊರುತ್ತದೆ. ಅಲ್ಲಿ ಮೊದಲ ಸ್ಥಾನ: ಇನ್‌ಸ್ಟಂಟ್ ಫುಡ್, ಸೋಡಾ ಇದ್ದಲ್ಲಿ ಹ್ಯಾಂಬರ್ಗರ್ ಮಾಂಸ. ಲಿಫ್ಟ್ ಹತ್ತಿರ ಹತ್ತಿರ 19, ಬಿಲ್ಲುಗಳು 12. ಹಾಗಾಗಿ ಪಕ್ಕದಲ್ಲೇ ಲೆವರೇಜ್ ಕಾಲಮ್ಮನ್ನೂ ಇಡುತ್ತೇನೆ: ಕಾಕತಾಳೀಯವಾಗಿ ಎಷ್ಟು ಬರಬೇಕಿತ್ತೋ ಅದಕ್ಕಿಂತ ಎಷ್ಟು ಹೆಚ್ಚು ಬಂತು? ಹ್ಯಾಂಬರ್ಗರಿಗೆ ಸಿಕ್ಕಿದ್ದು 11 ಹೆಚ್ಚುವರಿ ಬಿಲ್ಲು. ಕಾನ್ಫಿಡೆನ್ಸ್ ಮಿತಿ ಇಳಿಸಿದಾಗಷ್ಟೇ ಒಳಗೆ ಬರುವ ತರಕಾರಿ–ಹಾಲು ಜೋಡಿಯ ಲಿಫ್ಟ್ ಬರೀ 1.5, ಆದರೆ 486 ಬರಬೇಕಿದ್ದ ಕಡೆ 736 ಬಂದಿದೆ, ಅಂದರೆ 250 ಹೆಚ್ಚು. ಗಲ್ಲಾಪೆಟ್ಟಿಗೆಗೆ ಯಾವುದು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ.

ಲಿಫ್ಟಿನ ಇನ್ನೊಂದು ಚಾಳಿ ಇದೆ. ಹಾಲು, ತರಕಾರಿ ಎರಡೂ ಇಲ್ಲದ 10,000 ಬಿಲ್ಲುಗಳನ್ನು ಸುಮ್ಮನೆ ಸೇರಿಸಿ ನೋಡಿ, 1.5 ಇದ್ದದ್ದು 3 ದಾಟುತ್ತದೆ. ಗಿರಾಕಿಗಳ ಅಭ್ಯಾಸ ಎಳ್ಳಷ್ಟೂ ಬದಲಾಗಿಲ್ಲ! ಕೊಸೈನ್ ಎಂಬ ಅಳತೆ ಎರಡೂ ಇಲ್ಲದ ಬಿಲ್ಲುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಮಾತ್ರ 0.34ರಲ್ಲೇ ನಿಂತಿರುತ್ತದೆ. ಎರಡು ಅಂಗಡಿಗಳನ್ನು ಹೋಲಿಸುವಾಗ ನಾನು ಅದನ್ನೇ ನಂಬುತ್ತೇನೆ. ಟಾನ್, ಕುಮಾರ್, ಶ್ರೀವಾಸ್ತವ ಎಂಬ ಸಂಶೋಧಕರು 2002ರಲ್ಲಿ ಇಂಥ 21 ಅಳತೆಗಳನ್ನು ಹೋಲಿಸಿ, ಎಲ್ಲ ಕಡೆಗೂ ಒಗ್ಗುವಂಥದ್ದು ಒಂದೂ ಇಲ್ಲ ಎಂದು ತೋರಿಸಿದ್ದಾರೆ.

ಇನ್ನು ಚಿಕ್ಕ ನಿಯಮಕ್ಕೆ ಒಂದು ಸಾಮಾನು ಸೇರಿಸಿಯೂ ಕಾನ್ಫಿಡೆನ್ಸ್ ಏರದಿದ್ದರೆ ಆ ಉದ್ದದ ನಿಯಮ ಕಸದಬುಟ್ಟಿಗೆ. ಪಟ್ಟಿ ಚೆನ್ನಾಗಿ ಇಳಿಯುತ್ತದೆ.

ಉಳಿದದ್ದನ್ನು ವ್ಯಾಪಾರ ಬಲ್ಲವರ ಮುಂದಿಟ್ಟು ಎರಡೇ ಪ್ರಶ್ನೆ ಕೇಳುತ್ತೇನೆ: ಇದು ನಿಮಗೆ ಮೊದಲೇ ಗೊತ್ತಿತ್ತಾ? ಗೊತ್ತಾದರೆ ಏನಾದರೂ ಮಾಡುತ್ತೀರಾ? ಮೊದಲೇ ಗೊತ್ತಿದ್ದದ್ದು ಒಂದು ಫೈಲಿಗೆ ಹೋಗುತ್ತದೆ, ಮುಂದಿನ ಸಲ ಪಟ್ಟಿ ತೆಗೆಯುವಾಗ ಅದನ್ನು ಕಳೆದುಬಿಡುತ್ತೇನೆ. ಮದ್ಯ, ಕೆಂಪು ವೈನ್ ಕೊಂಡ 21 ಬಿಲ್ಲುಗಳಲ್ಲಿ 19ರಲ್ಲಿ ಬಾಟಲಿ ಬಿಯರೂ ಇತ್ತು, ಲಿಫ್ಟ್ 11ರ ಮೇಲೆ. ಅಂಕ ಭರ್ಜರಿ, ಆದರೆ ಆ ಫೈಲಿನ ಮೊದಲ ಸಾಲು ಅದೇ.